ಸೀನಿಗೆ ಹರಸದ ವರ್ತಕ

"ಪೇಟ ತೆಗೀರಿ" ಎಂದ ಪಿಂಗಿಯ.

ಛತ್ರದ ಜಗಲಿಯ ಮೇಲೆ ಕೂತಿದ್ದ ಮೂವರು ವರ್ತಕರೂ ಮುಖ ಮುಖ ನೋಡಿಕೊಂಡರು. ಪರವೂರಿನ ವರ್ತಕನ ಪೇಟದ ತಂಟೆಗೆ ಹೋಗುವುದೆಂದರೆ ಉದುಂಬರ ಪಟ್ಟಣದಲ್ಲಿ ಸಣ್ಣ ಮಾತಲ್ಲ. ಮುನಿಸಿಕೊಂಡ ವರ್ತಕರು ಗಾಡಿಗಳನ್ನು ಬೇರೆ ದಾರಿಗೆ ತಿರುಗಿಸಿದರೆ ಊರ ಬಾಯಿಗೆ ಮಣ್ಣೇ ಗತಿ. ಆದರೆ ಊರ ಕಾವಲಿನ ಮುಖ್ಯಸ್ಥ ಪಿಂಗಿಯನಿಗೆ ಇವತ್ತು ಯಾರ ಮಾನ ಮರ್ಯಾದೆ ನೋಡಿಕೊಂಡು ಕೂರಲೂ ಪುರುಸೊತ್ತಿರಲಿಲ್ಲ. ಹೊತ್ತು ನೆತ್ತಿಗೆ ಬರುತ್ತಿತ್ತು. ಅದೇ ಹೊತ್ತು ಮುಳುಗುವಾಗ ಅವನ ತಂಗಿಯ ಗಂಡ, ಅಂಬಿಗ ಉತ್ತಿಯನ ಕೊರಳಿಗೆ ಕೆಂಪು ಕಣಗಿಲೆ ಹಾರ ಹಾಕಿ, ಡೋಲು ಬಡಿಯುತ್ತ ಶೂಲದ ದಿಬ್ಬಕ್ಕೆ ನಡೆಸುವವರಿದ್ದರು.

ವಿಹಾರದ ಭಿಕ್ಷು ಪುಣ್ಣಿಯ ಭಂತೆಯನ್ನು ಕೊಂದ ಆರೋಪ ಅವನ ಮೇಲಿತ್ತು. ಭಗವಂತ ಪರಿನಿರ್ವಾಣ ಹೊಂದಿದಾಗ ಚಿತೆಯಿಂದ ತಂದಿದ್ದ ಒಂದು ಚಿಟಿಕೆ ಬೂದಿ, ಅದನ್ನಿಟ್ಟಿದ್ದ ಸ್ಫಟಿಕದ ಕರಂಡಕ, ಅದನ್ನು ಕಾಯುತ್ತಿದ್ದ ಪುಣ್ಣಿಯ ಭಂತೆ, ಎಲ್ಲವೂ ಒಟ್ಟಿಗೇ ಕಾಣೆಯಾಗಿದ್ದವು. ಭಂತೆಯ ಭಿಕ್ಷಾಪಾತ್ರೆ, ನೆತ್ತರು ಮೆತ್ತಿದ ಮೇಲುಹೊದಿಕೆ ಸಿಕ್ಕಿದ್ದು ಉತ್ತಿಯನ ದೋಣಿಯಲ್ಲಿ. ಹೆಣ ಮಾತ್ರ ಸಿಕ್ಕಿರಲಿಲ್ಲ. ಸಭೆ ಕೇಳಿದ ಯಾವ ಪ್ರಶ್ನೆಗೂ ಉತ್ತಿಯ ತುಟಿ ಬಿಚ್ಚಿರಲಿಲ್ಲ. ಕೊಂದೆ ಅನ್ನಲಿಲ್ಲ, ಕೊಂದಿಲ್ಲ ಅಂತಲೂ ಅನ್ನಲಿಲ್ಲ.

ಆದರೆ ನಿನ್ನೆ ಇದೇ ಛತ್ರದ ಒಲೆಬೂದಿಯಲ್ಲಿ ಪಿಂಗಿಯನಿಗೆ ಒಂದು ಸುಟ್ಟುಳಿದ ಬಟ್ಟೆಯ ಮೂಲೆ ಸಿಕ್ಕಿತ್ತು. ತುಂಡು ಸೇರಿಸಿ ಹೊಲಿದ ಬಟ್ಟೆ, ತೊಗಟೆ ಕುದಿಸಿ ಹಾಕಿದ ಬಣ್ಣ, ಮೂಲೆಯಲ್ಲಿ ಮಸಿಯ ಬೊಟ್ಟು. ಹೊಸ ಚೀವರವನ್ನು ಮೈಮೇಲೆ ಹಾಕಿಕೊಳ್ಳುವ ಮೊದಲು ಭಿಕ್ಷುಗಳು ಇಟ್ಟುಕೊಳ್ಳುವ ಬೊಟ್ಟು ಅದು. ಯಾರೋ ಭಿಕ್ಷು ಇಲ್ಲಿ ಚೀವರ ಕಳಚಿ ಒಲೆಗೆ ಹಾಕಿ, ಬಿಳಿ ಬಟ್ಟೆ ಉಟ್ಟಿದ್ದ. ಊರಲ್ಲಿ ಕಾಣೆಯಾದ ಭಿಕ್ಷು ಒಬ್ಬರೇ. ಅಂದಮೇಲೆ ಪುಣ್ಣಿಯ ಭಂತೆ ಸತ್ತಿಲ್ಲ. ಕರಂಡಕ ಲಪಟಾಯಿಸಿ, ವರ್ತಕನ ವೇಷ ತೊಟ್ಟು, ನದಿ ಇಳಿಯಲಿ ಅಂತ ಈ ಜಗಲಿಯ ಮೇಲೇ ಕಾಯುತ್ತ ಕೂತಿದ್ದಾರೆ. ಮಹೀ ನದಿ ಎರಡೂ ದಡ ಮೀರಿ ಹರಿಯುತ್ತಿತ್ತು. ಅಂಥ ನೀರಲ್ಲಿ ದೋಣಿ ಹಾಕುವ ಎದೆಗಾರಿಕೆ ಇದ್ದವನು ಉತ್ತಿಯ ಒಬ್ಬನೇ, ಅವನು ಸೆರೆಮನೆಯಲ್ಲಿದ್ದ.

ಕಷ್ಟ ಏನೆಂದರೆ ಪುಣ್ಣಿಯ ಭಂತೆಯ ಮುಖವನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಅವರು ಈ ಮಳೆಗಾಲದ ವಾಸಕ್ಕಷ್ಟೇ ಬಂದವರು, ಕರಂಡಕವಿದ್ದ ಉಗ್ರಾಣ ಬಿಟ್ಟು ಹೊರಗೆ ಕಾಲಿಟ್ಟವರಲ್ಲ. ಗುರುತು ಹಿಡಿಯಬಲ್ಲವರು ವಿಹಾರದ ಹಿರಿಯ ಥೇರ ಸೀವಕರು. ಅವರು ಸಂಜೆಗೆ ಸಭಾಭವನಕ್ಕೆ ಬರುತ್ತೇನೆ ಎಂದಿದ್ದರು. ಸಭಾಮುಖ್ಯ ಅರಿಂದಮ ಮಾತ್ರ ಬೆಳಗ್ಗೆಯೇ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ಮೂವರನ್ನೂ ಕುರಿಗಳ ಹಾಗೆ ಹೊಡೆದುಕೊಂಡು ಬಂದರೆ ಪಿಂಗಿಯನ ಹುದ್ದೆ ಹೋದಂತೆಯೇ. ತರುವುದಿದ್ದರೆ ಒಬ್ಬನನ್ನು ತರಬೇಕು, ಕಾರಣ ಸಮೇತ ತರಬೇಕು. "ನಿನ್ನ ಭಾವನ್ನ ಉಳಿಸ್ಕೊಳ್ಳೋಕೆ ಊರಿನ ಅತಿಥಿಗಳ ಮಾನ ಹರಾಜು ಹಾಕ್ಬೇಡ" ಎಂದು ಎಲ್ಲರೆದುರು ಚುಚ್ಚಿಯೂ ಇದ್ದ.

ಆ ಮಾತು ಪಿಂಗಿಯನ ಎದೆಯಲ್ಲಿ ಇನ್ನೂ ಉರಿಯುತ್ತಿತ್ತು.

"ಕಿವಿ ಕೇಳಿಸ್ಲಿಲ್ವೇ? ಪೇಟ."

ಗೊಣಗಾಡುತ್ತ ಮೂವರೂ ಪೇಟ ತೆಗೆದರು. ಪಿಂಗಿಯ ನೋಡಿದ, ನೋಡಿ ಹಣೆ ಹಣೆ ಬಡಿದುಕೊಳ್ಳುವಂತಾಯಿತು. ಮೂರೂ ತಲೆಗಳಲ್ಲಿ ಬೆರಳಿಗೆ ಸಿಗುವಷ್ಟು ಕೂದಲಿರಲಿಲ್ಲ.

ಕುದುರೆ ವ್ಯಾಪಾರಿ ಪಣಾದ ತನ್ನ ಅಪ್ಪ ತೀರಿಕೊಂಡು ತಿಂಗಳೂ ಆಗಿಲ್ಲ ಎಂದ. ಉಪ್ಪಿನ ವ್ಯಾಪಾರಿ ಗೋಧಿಕ, ಗಾಡಿಯಲ್ಲಿ ಮಲಗಿ ಮಲಗಿ ತಲೆತುಂಬ ಹೇನಾಗಿ ಬೋಳಿಸಿಕೊಂಡೆ, ಬೇಕಿದ್ದರೆ ಉಳಿದ ಎರಡು ಹೇನನ್ನು ಹಿಡಿದು ಸಭೆಗೆ ಒಪ್ಪಿಸು ಎಂದು ನಕ್ಕ. ಗಂಧದ ವ್ಯಾಪಾರಿ ಉಗ್ಗಹ ತಗ್ಗಿದ ದನಿಯಲ್ಲಿ, ಜ್ವರ ನೆತ್ತಿಗೇರಿತ್ತು, ವೈದ್ಯ ಬೋಳಿಸಿ ಲೇಪ ಹಾಕಿದ ಎಂದ. ಮೂರೂ ನಂಬುವಂಥ ಮಾತೇ. ಮೂವರ ಗಂಟುಗಳನ್ನೂ ನಿನ್ನೆಯೇ ಬಿಚ್ಚಿ ನೋಡಿಯಾಗಿತ್ತು, ಕರಂಡಕದ ಸುಳಿವಿರಲಿಲ್ಲ.

ಛತ್ರದ ಒಡತಿ ಕಾತಿಯಾನಿ ಒಳಗಿಂದ ಬಂದಳು. ವಯಸ್ಸಾದವಳು, ನಾಲಗೆಗೆ ಮಾತ್ರ ವಯಸ್ಸಾಗಿರಲಿಲ್ಲ. ಊಟಕ್ಕೆ ಕೂತವರ ತಲೆ ಎಣಿಸುವುದು ಬಿಟ್ಟು ಪಕ್ಕಕ್ಕೆ ಸರಿ ಎಂದು ಪಿಂಗಿಯನನ್ನು ಗದರಿ, ಮೂವರ ಮುಂದೆಯೂ ಎಲೆ ಹಾಕಿ, ಗಂಜಿ, ಹುರಿದ ಮೀನು, ಎಳ್ಳುಂಡೆ, ಮಾವಿನಹಣ್ಣು ಇಟ್ಟು ಹೋದಳು.

ಪಣಾದ ಮಾವಿನಹಣ್ಣಿಗೆ ಬಾಯಿ ಹಾಕಿದ. ಗೋಧಿಕ ಮೀನಿನ ಮುಳ್ಳು ಬಿಡಿಸತೊಡಗಿದ. ಉಗ್ಗಹ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಎಲೆ ನೋಡುತ್ತ ಕೂತಿದ್ದ. ಹಸಿವಿಲ್ಲ ಅನ್ನುವ ಹಾಗಿರಲಿಲ್ಲ, ಗಂಟಲ ಗುಳ್ಳೆ ಮೇಲೆ ಕೆಳಗೆ ಆಡುತ್ತಿತ್ತು.

ತುಪ್ಪದ ಗಿಂಡಿ ಹಿಡಿದು ಮತ್ತೆ ಬಂದ ಕಾತಿಯಾನಿ ಅವನ ಮುಂದೆ ನಿಂತಳು. "ಯಾಕಪ್ಪಾ, ಎತ್ತಿ ಬಾಯಿಗೇ ಇಡ್ಬೇಕಾ? ಹೆಂಡತಿ ಊರಲ್ಲಿದಾಳೆ, ನಾನಲ್ಲ." ಹಾಗಂದು ಮಾವಿನಹಣ್ಣೊಂದನ್ನು ತೆಗೆದು ಅವನ ಅಂಗೈಗೆ ಹಾಕಿದಳು, ಗಂಜಿಯ ದೊನ್ನೆಯನ್ನೂ ಎತ್ತಿ ಕೊಟ್ಟಳು. ಕೊಟ್ಟಿದ್ದೇ ತಡ, ಆತ ಲಗುಬಗೆಯಿಂದ ತಿನ್ನತೊಡಗಿದ. ಕೊಡದೆ ಎಲೆಯಲ್ಲೇ ಉಳಿದ ಎಳ್ಳುಂಡೆಯನ್ನು ಮುಟ್ಟಲಿಲ್ಲ.

ಪಿಂಗಿಯನ ಮೈಯೆಲ್ಲ ಕಣ್ಣಾಯಿತು. ಕೈಗೆ ಕೊಡದ ಒಂದು ಅಗುಳನ್ನೂ ಭಿಕ್ಷು ಬಾಯಿಗೆ ಹಾಕಿಕೊಳ್ಳುವುದಿಲ್ಲ, ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ಅಷ್ಟರಲ್ಲಿ ಉಗ್ಗಹ ನೀರಿನ ಚೊಂಬಿನ ಬಾಯಿಗೆ ತನ್ನ ಉತ್ತರೀಯದ ಸೆರಗು ಹೊದಿಸಿ, ಸೋಸಿ ಕುಡಿದ.

ಅದೂ ಭಿಕ್ಷುಗಳ ರೂಢಿಯೇ, ಇನ್ನೇನು ಬೇಕು ಅಂದುಕೊಂಡು ಪಿಂಗಿಯ ಅವನೆದುರು ಕುಕ್ಕರಗಾಲಲ್ಲಿ ಕೂತ. ಯಾಕಯ್ಯ ನೀರು ಸೋಸುತ್ತೀ ಎಂದು ಕೇಳಿದ. ಉಗ್ಗಹ ತಡವರಿಸಲಿಲ್ಲ. ತಮ್ಮದು ನಿಗಂಠ ಮುನಿಗಳಿಗೆ ನಡೆದುಕೊಳ್ಳುವ ಮನೆತನ, ನೀರಿನ ಹುಳುವಿಗೂ ಜೀವವಿದೆ ಎಂದ. ಎಲೆಯಲ್ಲಿದ್ದುದನ್ನು ಯಾಕೆ ಎತ್ತಿಕೊಳ್ಳಲಿಲ್ಲ ಎಂದರೆ, ಪರರ ಮನೆಯಲ್ಲಿ ಕೈಗೆ ಕೊಡುವ ತನಕ ಕಾಯಬೇಕು ಅಂತ ಅವ್ವ ಕಲಿಸಿದ್ದಳು ಎಂದ.

"ಒಳ್ಳೇ ಅವ್ವನ ಮಗ" ಎಂದ ಗೋಧಿಕ, ಮೀನಿನ ತಲೆ ಚೀಪುತ್ತ. "ನಮ್ಮವ್ವ ಕಾಯೋದು ಕಲಿಸಿದ್ರೆ ಅಣ್ಣಂದಿರು ನಂಗೆ ಏನೂ ಉಳಿಸ್ತಿರ್ಲಿಲ್ಲ."

ಪಿಂಗಿಯನಿಗೆ ನಗು ಬರಲಿಲ್ಲ. ಊರ ಅರ್ಧ ಪೇಟೆ ನಿಗಂಠರ ಕಡೆಯದು, ನೀರು ಸೋಸಿ ಕುಡಿಯುವವರು ಬೀದಿಗೆ ಹತ್ತು ಮಂದಿ. ಇಷ್ಟು ಹಿಡಿದುಕೊಂಡು ಹೋದರೆ ಅರಿಂದಮ ಸಭೆಯಲ್ಲೇ ಉಗಿದು ಕಳಿಸುತ್ತಾನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದುಕೊಂಡ.

ಆಗಲೇ ಅಡುಗೆಮನೆಯಲ್ಲಿ ಸಾಸಿವೆ ಚಟಪಟ ಅಂದಿತು. ಒಗ್ಗರಣೆಯ ಘಾಟಿಗೆ ಕಾತಿಯಾನಿ ಮಾಡು ಹಾರುವಂತೆ ಸೀನಿದಳು.

"ಬಾಳು ತಾಯಿ" ಎಂದ ಪಣಾದ, ಬಾಯ್ತುಂಬ ಮಾವು ತುಂಬಿಕೊಂಡೇ. "ನೂರು ವರ್ಷ" ಎಂದ ಗೋಧಿಕ. ಬಾಗಿಲ ಕಾವಲಿನ ಇಬ್ಬರೂ ಬಾಳು ಬಾಳು ಅಂದರು. ಪಿಂಗಿಯನ ಬಾಯಿಂದಲೂ ಅದೇ ಮಾತು ಅವನಿಗೆ ಗೊತ್ತಿಲ್ಲದೆ ಬಂತು. ಬೇಡಿ ಹಾಕಿದ ಕಳ್ಳ ಸೀನಿದರೂ ಕಾವಲಿನವನು ಬಾಳು ಅನ್ನುವ ಊರದು, ಅನ್ನದೆ ಬಾಯಿ ಸುಮ್ಮನಿರುವುದಿಲ್ಲ.

ಉಗ್ಗಹನ ಬಾಯಿ ಸುಮ್ಮನಿತ್ತು.

ಪಿಂಗಿಯನಿಗೆ ಅಷ್ಟೇ ಸಾಕಾಯಿತು. ಎದ್ದವನೇ ಅಡುಗೆಮನೆಗೆ ನುಗ್ಗಿದ. ಗೂಡಿನಲ್ಲಿದ್ದ ಹಿಪ್ಪಲಿಯ ಗಡಿಗೆಗೆ ಕೈಹಾಕಿ ಹಿಡಿಗಟ್ಟಲೆ ಬಾಚಿದ, ಒಂದಷ್ಟು ಸಾಸಿವೆಯನ್ನೂ ಸೇರಿಸಿದ. ಏನು ಮಾಡ್ತಿದ್ದೀಯೋ, ನಿನ್ನ ಕೈ ಸೇದಿಹೋಗ ಎಂದು ಕಾತಿಯಾನಿ ಕೂಗುತ್ತಿದ್ದಂತೆಯೇ ಎಲ್ಲವನ್ನೂ ಕೆಂಡದ ಮಡಕೆಗೆ ಸುರಿದು, ಮಡಕೆಯನ್ನು ತಂದು ಜಗಲಿಯ ನಡುವೆ ಇಟ್ಟ.

ಹೊಗೆ ಎದ್ದಿತು. ಮೊದಲು ಗೋಧಿಕ ಸೀನಿದ, ಪಣಾದ ಬಾಳು ಅಂದ, ಅಂದವನು ತಾನೂ ಸೀನಿದ, ಗೋಧಿಕ ಅವನಿಗೆ ಬಾಳು ಅಂದ. ಕಾವಲಿನವರು ಸೀನಿದರು. ಕಾತಿಯಾನಿ ಬೈಯುತ್ತ ಸೀನಿದಳು, ಸೀನುತ್ತ ಬೈದಳು, ನಡುನಡುವೆ ಎಲ್ಲರನ್ನೂ ಹರಸಿದಳು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಜಗಲಿಯ ತುಂಬ ಬಾಳು ಬಾಳು ಎಂಬ ಗದ್ದಲ. ಪಿಂಗಿಯ ಪಂಚೆಯಿಂದ ಮೂಗು ಮುಚ್ಚಿಕೊಂಡು ಒಬ್ಬನನ್ನೇ ನೋಡುತ್ತಿದ್ದ. ಉಗ್ಗಹನ ಸುತ್ತ ಅಷ್ಟು ಜನ ಸೀನಿದರೂ ಅವನ ತುಟಿ ಅಲುಗಲಿಲ್ಲ.

ಕಡೆಗೆ ಉಗ್ಗಹನಿಗೂ ತಡೆಯಲಾಗಲಿಲ್ಲ. ಸೀನಿದ. ಎಲ್ಲರೂ ಬಾಳು ಅಂದರು.

"ನೀವೂ ಬಹುಕಾಲ ಬಾಳಿ" ಎಂದ ಉಗ್ಗಹ, ತಲೆ ತಗ್ಗಿಸಿ.

ಪಿಂಗಿಯ ಮಡಕೆಯನ್ನು ಅಂಗಳಕ್ಕೆ ಎಸೆದ. ಅವನಿಗೆ ಕುಣಿಯಬೇಕು ಅನ್ನಿಸುತ್ತಿತ್ತು. ಆದರೂ ಸಾವಕಾಶವಾಗಿ ಉಗ್ಗಹನ ಮುಂದೆ ಕೂತು, ಕೈ ಜೋಡಿಸಿದ.

"ಭಂತೆ, ಎಷ್ಟು ಮಳೆಗಾಲ ಕಳೆದಿರಿ ಸಂಘದಲ್ಲಿ?"

ಉಗ್ಗಹನ ಮುಖದ ಬಣ್ಣ ಹಾರಿತು. ನಾನು ವರ್ತಕ, ಏನು ಮಾತಾಡುತ್ತೀ ಎಂದ. ಗೋಧಿಕನೂ ಬಾಯಿ ಹಾಕಿದ, ಈಗಷ್ಟೇ ಬಾಳಿ ಅಂದನಲ್ಲ ಆತ, ನಿನಗೆ ಕಿವುಡೇ ಎಂದು.

"ಅಂದ್ರು. ತಮಗೆ ಯಾರಾದ್ರೂ ಹರಸಿದ್ಮೇಲೆ ಅಂದ್ರು. ತಾವಾಗಿ ಯಾರಿಗೂ ಅನ್ಲಿಲ್ಲ." ಪಿಂಗಿಯ ಉಗ್ಗಹನ ಮೇಲಿಂದ ಕಣ್ಣು ತೆಗೆಯಲಿಲ್ಲ. "ನಮ್ಮವ್ವ ಭಿಕ್ಷುಗಳಿಗೆ ಊಟಕ್ಕಿಟ್ಟಾಗ ಒಂದ್ಸಲ ಸೀನಿದ್ಳು. ಒಬ್ರೂ ಬಾಳು ಅನ್ಲಿಲ್ಲ ಅಂತ ನಮ್ಮಜ್ಜ ಕೋಲು ಎತ್ಕೊಂಡ್ಬಿಟ್ಟಿದ್ರು. ಆವಾಗ ಹಿರಿಯ ಭಂತೆ ಕೂರಿಸ್ಕೊಂಡು ಹೇಳಿದ್ರು. ಭಗವಂತ ಧರ್ಮ ಹೇಳ್ತಾ ಹೇಳ್ತಾ ಒಂದ್ಸಲ ಸೀನಿದ್ರಂತೆ. ಶಿಷ್ಯರೆಲ್ಲ ಬಾಳಿ ಬಾಳಿ ಅಂತ ಕೂಗಿ, ಹೇಳ್ತಿದ್ದ ಮಾತೇ ಕೆಟ್ಟೋಯ್ತಂತೆ. ಅದಕ್ಕೆ ಭಗವಂತ ಕೇಳಿದ್ರಂತೆ, ನೀವು ಬಾಳು ಅಂದ್ರೆ ಆಯಸ್ಸು ಬೆಳೆಯುತ್ತಾ, ಅನ್ನದಿದ್ರೆ ಸಾಯ್ತಾರಾ ಅಂತ. ಅವತ್ತಿಂದ ಭಿಕ್ಷುಗಳು ಅನ್ನೋದು ಬಿಟ್ರು. ಆಮೇಲೆ ಗೃಹಸ್ಥರು ಬೇಜಾರು ಮಾಡ್ಕೋತಾರೆ ಅಂತ, ಯಾರಾದ್ರೂ ಹರಸಿದ್ರೆ ತಿರುಗಿ ಹರಸಿ ಅಂತ ಅಷ್ಟಕ್ಕೆ ಮಾತ್ರ ಒಪ್ಪಿಗೆ ಕೊಟ್ರಂತೆ. ನಿಗಂಠರ ಮನೆಯವ್ರು ಸೀನಿದಾಗ ಸುಮ್ನಿರೋದನ್ನ ನಾನಂತೂ ಕಂಡಿಲ್ಲ."

ಉಗ್ಗಹ ಮುಖ ಮುಚ್ಚಿಕೊಂಡ. ಬಟ್ಟೆ ಕಳಚೋದು ಸುಲಭ ಇತ್ತು ಎಂದು ಬೆರಳ ಸಂದಿಯಿಂದ ಗೊಣಗಿದ.

ಪಿಂಗಿಯ ಅವನ ಕೈ ಹಿಡಿದು ಎಬ್ಬಿಸಿದ, ಆದರೆ ಬೇಡಿ ಹಾಕಲಿಲ್ಲ. ಸತ್ತವರೇ ಎದ್ದು ನಡೆದು ಬಂದರೆ ಕೊಲೆ ಎಲ್ಲಿಯದು? ದಾರಿಯುದ್ದಕ್ಕೂ ಅವನಿಗೆ ನೆಲ ಕಾಲಿಗೆ ತಾಗುತ್ತಿರಲಿಲ್ಲ. ಗುಜರಿ ಬೀದಿಯ ತಿರುವಿನಲ್ಲಿ ತಂಗಿ ಚಿತ್ತೆ ಎದುರಾದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ನಿನ್ನ ಗಂಡ ಉಳಿದ ಕಣೇ, ಸತ್ತ ಭಂತೆ ಸಿಕ್ಕಿದರು ಎಂದು ಅಷ್ಟು ದೂರದಿಂದಲೇ ಕೂಗಿದ. ಚಿತ್ತೆ ನಿಂತಲ್ಲೇ ನಿಂತುಬಿಟ್ಟಳು. ಸಂತೋಷಕ್ಕೆ ಮಾತು ಹೊರಡಲಿಲ್ಲ ಪಾಪ ಅಂದುಕೊಂಡ ಪಿಂಗಿಯ, ಅವಳನ್ನೂ ರೆಟ್ಟೆ ಹಿಡಿದು ಜೊತೆಗೆ ಕರೆದುಕೊಂಡ.

ಸಭಾಭವನ ಕಿಕ್ಕಿರಿದಿತ್ತು. ಉತ್ತಿಯನನ್ನು ಆಗಲೇ ಸೆರೆಯಿಂದ ತಂದು ಕಂಬಕ್ಕೆ ಒರಗಿಸಿ ನಿಲ್ಲಿಸಿದ್ದರು. ಪಿಂಗಿಯ ಉಗ್ಗಹನನ್ನು ನಡುವೆ ನಿಲ್ಲಿಸಿ, ಸೀನಿನ ಕತೆಯನ್ನು ಬಾಯಿ ಚಪ್ಪರಿಸಿಕೊಂಡು ಹೇಳಿದ. ಸಭೆ ಘೊಳ್ಳೆಂದು ನಕ್ಕಿತು. ಅರಿಂದಮ ಕೂಡ ನಗು ತಡೆಯಲಾರದೆ ಗಡ್ಡ ಉಜ್ಜಿಕೊಂಡ.

ಥೇರ ಸೀವಕರು ಇಬ್ಬರು ಭಿಕ್ಷುಗಳ ಹೆಗಲ ಮೇಲೆ ಕೈಯಿಟ್ಟು ಒಳಗೆ ಬಂದರು. ಎಲ್ಲರೂ ಎದ್ದು ನಿಂತರು. ಉಗ್ಗಹ ಮೊಣಕಾಲೂರಿ ನೆಲಕ್ಕೆ ಹಣೆ ಹಚ್ಚಿದ. ಭಿಕ್ಷು ಎನ್ನುವುದಕ್ಕೆ ಬೇರೆ ಸಾಕ್ಷಿಯೇ ಬೇಕಿರಲಿಲ್ಲ.

ಥೇರರು ಬಗ್ಗಿ, ಅವನ ಗದ್ದ ಎತ್ತಿ, ಮಂಜಾದ ಕಣ್ಣನ್ನು ಅವನ ಮುಖದ ಹತ್ತಿರಕ್ಕೆ ತಂದರು. ಜೊತೆಯ ಭಿಕ್ಷುಗಳೂ ನೋಡಿದರು. ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಇವರು ಪುಣ್ಣಿಯ ಅಲ್ಲಪ್ಪ" ಎಂದರು ಥೇರರು. "ಇವರನ್ನ ನಾನು ಕಂಡೇ ಇಲ್ಲ."

ಇನ್ನೊಮ್ಮೆ ನೋಡಿ ಭಂತೆ, ಗಡ್ಡ ಬಂದಿದೆ, ಕಣ್ಣಿಗೆ ಕಾಡಿಗೆ ಹಚ್ಚಿದ್ದಾರೆ ಎಂದು ಪಿಂಗಿಯ ಅಂಗಲಾಚಿದ. ಥೇರರು ತಲೆ ಅಲ್ಲಾಡಿಸಿದರು. ಪುಣ್ಣಿಯರ ಎಡಗಿವಿ ಹುಟ್ಟಿನಿಂದಲೇ ಮಡಚಿಕೊಂಡಿತ್ತು, ಈತನ ಎರಡೂ ಕಿವಿ ನೆಟ್ಟಗಿವೆ ಎಂದರು.

ಆಗ ಉಗ್ಗಹ ತಾನಾಗಿಯೇ ಬಾಯಿಬಿಟ್ಟ. ತಾನು ನದಿಯಾಚೆಯ ವಿಹಾರದವನು ಎಂದ. ಬೂದಿಯನ್ನು ನಿಮ್ಮ ಊರಿಗೆ ಕೊಡುತ್ತೇನೆ, ಬಂದು ಒಯ್ಯಿರಿ ಎಂದು ಪುಣ್ಣಿಯ ಭಂತೆ ಗುಟ್ಟಾಗಿ ಹೇಳಿಕಳುಹಿಸಿದ್ದರಂತೆ. ನೀರು ಏರುವ ಮೊದಲು ಈಚೆ ದಾಟಿ, ಮಳೆಗಾಲದ ವಾಸ ಮುರಿದು, ಹೇಳಿದ ಸಂಜೆ ನದಿದಡದ ಬಿದಿರಮೆಳೆಯಲ್ಲಿ ಕಾದು ಕೂತಿದ್ದನಂತೆ. ಅಲ್ಲಿ ಕಂಡದ್ದಕ್ಕೆ ಹೆದರಿ ಓಡಿ, ಚೀವರ ಸುಟ್ಟು, ವರ್ತಕನಾಗಿದ್ದನಂತೆ.

"ಚೀವರ ಬಿಟ್ಟೆ ಅಂತ ಯಾರ ಮುಂದಾದ್ರೂ ಹೇಳಿದೀರಾ?" ಎಂದು ಥೇರರು ಕೇಳಿದರು.

"ಇಲ್ಲ ಭಂತೆ. ಬಾಯಿ ಬರಲಿಲ್ಲ."

"ಹಾಗಾದ್ರೆ ಇನ್ನೂ ಭಿಕ್ಷುವೇ. ಸಂಘದ ಮುಂದೆ ನಿಂತಿದ್ದೀರಿ. ಕಂಡದ್ದನ್ನ ಕಂಡ ಹಾಗೆ ಹೇಳಿ."

ಉಗ್ಗಹ ಹೇಳತೊಡಗಿದ. ಪುಣ್ಣಿಯ ಭಂತೆ ಕರಂಡಕ ಹಿಡಿದು, ಮೆಳೆಯ ಕಡೆಗೆ ಬರಲು ದೋಣಿ ಹತ್ತಿದ್ದರು. ದೋಣಿ ದಡ ಬಿಡುತ್ತಿದ್ದಂತೆ ಜಗಳ ಶುರುವಾಯಿತು. ದೋಣಿಯಲ್ಲಿದ್ದವರು ಹುಟ್ಟುಗೋಲಿನಿಂದ ಭಂತೆಯ ತಲೆಗೆ ಹೊಡೆದು, ಕರಂಡಕ ಕಸಿದುಕೊಂಡು, ಅವರನ್ನು ನೀರಿಗೆ ತಳ್ಳಿದರು. ಭಂತೆ ಮತ್ತೆ ಮೇಲೆ ಬರಲಿಲ್ಲ.

ಅರಿಂದಮ ಕಂಬದ ಕಡೆ ಬೆರಳು ತೋರಿಸಿದ. ಇವನೇ ತಾನೇ ಎಂದ.

ಉಗ್ಗಹ ಉತ್ತಿಯನನ್ನು ಕಾಲಿಂದ ತಲೆಯವರೆಗೆ ನೋಡಿದ. "ಇವರಲ್ಲ. ಇವರು ಅಲ್ಲಿ ಇರಲೇ ಇಲ್ಲ."

ಪಿಂಗಿಯನ ಎದೆ ಹಿಗ್ಗಿತು. ಪುಣ್ಣಿಯ ಸಿಗದಿದ್ದರೆ ಹಾಳಾಗಲಿ, ಭಾವ ಗೆದ್ದ. ಅವನು ತಂಗಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಕೈ ಮಂಜಿನಂತೆ ತಣ್ಣಗಿತ್ತು.

"ದೋಣಿಯಲ್ಲಿದ್ದದ್ದು ಒಬ್ಬ ಹೆಂಗಸು" ಎಂದ ಉಗ್ಗಹ. ಅವನ ಕಣ್ಣು ಸಭೆಯ ಮೇಲೆ ಹಾದು ಬಂದು ಪಿಂಗಿಯನ ಪಕ್ಕದಲ್ಲಿ ನಿಂತಿತು. "ಈ ತಾಯಿ."

ಕಂಬದ ಹತ್ತಿರ ಸರಪಳಿ ಝಣ್ ಅಂದಿತು. ಹಿಡಿದು ತಂದ ದಿನದಿಂದ ತುಟಿ ಎರಡು ಮಾಡದಿದ್ದ ಉತ್ತಿಯ, ಸಭೆ ಬೆಚ್ಚುವಂತೆ ಕೂಗಿದ.

"ಸುಳ್ಳು. ನಾನು ಕೊಂದೆ. ನಾನೇ ಕೊಂದದ್ದು, ಬರ್ಕೊಳ್ಳಿ."

ಪಿಂಗಿಯ ತಂಗಿಯ ಭುಜ ಹಿಡಿದು ಅಲುಗಿಸಿದ. "ಇಲ್ಲ ಅನ್ನು ಚಿತ್ತೆ. ಸುಳ್ಳು ಅನ್ನು."

ಚಿತ್ತೆ ಅಣ್ಣನ ಕಡೆ ತಿರುಗಲಿಲ್ಲ. ಗಂಡನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಈಗ ನೀರಿರಲಿಲ್ಲ.

"ಏನೇ ಆದ್ರೂ ಬಾಯಿ ಬಿಡ್ಬೇಡ ಅಂದಿದ್ದೆ ಅಲ್ವಾ ನಿಂಗೆ" ಎಂದಳು.